ಪಾಸ್ಕಲ್‌ನ ಪಣ: ಲೆಕ್ಕ ಕೈಕೊಡುವುದು ಎಲ್ಲಿ?

"ದೇವರಿದ್ದರೆ ನಂಬಿದವನಿಗೆ ಲಾಭ, ಇಲ್ಲದಿದ್ದರೆ ಕಳೆದುಕೊಳ್ಳೋದು ಏನೂ ಇಲ್ಲ." ದೇವರ ಬಗ್ಗೆ ಚರ್ಚೆ ಎದ್ದಾಗ ಯಾರಾದರೊಬ್ಬರು ಈ ಮಾತು ತಂದು, ಇದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ, ಚಿಂತಕ ಪಾಸ್ಕಲ್ ಹೇಳಿದ್ದು ಅನ್ನುತ್ತಾರೆ. ಎದುರಿನವರು "ಯಾವ ದೇವರು?" ಅಂತ ಕೇಳುತ್ತಾರೆ. ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಪಾಸ್ಕಲ್‌ನ ವಾದ ಸೋಲುತ್ತದೆ ಅಂತಲೇ ನನ್ನ ಅಭಿಪ್ರಾಯ. ಆದರೆ ಅದು ಎಲ್ಲಿ ಸೋಲುತ್ತದೆ ಅನ್ನೋದು ಲೆಕ್ಕ ಹಾಕಿ ನೋಡದೆ ಕಾಣುವುದಿಲ್ಲ.

1654ರಲ್ಲಿ ಪಾಸ್ಕಲ್ ಮತ್ತು ಇನ್ನೊಬ್ಬ ಗಣಿತಜ್ಞ ಫರ್ಮಾ ಜೂಜಿನ ಒಂದು ಸಮಸ್ಯೆ ಕುರಿತು ಪತ್ರ ಬರೆದುಕೊಂಡರು. ಇಬ್ಬರು ತಲಾ 32 ಪಿಸ್ತೋಲ್ ನಾಣ್ಯ ಕಟ್ಟಿದ್ದಾರೆ. ಮೊದಲು 3 ಆಟ ಗೆದ್ದವನಿಗೆ ಪೂರ್ತಿ 64. ಒಬ್ಬ 2, ಇನ್ನೊಬ್ಬ 1 ಗೆದ್ದಿರುವಾಗ ಆಟ ನಿಂತುಹೋದರೆ ಹಣ ಹಂಚುವುದು ಹೇಗೆ? ಪಾಸ್ಕಲ್ ನೋಡಿದ್ದು ನಡೆಯಬೇಕಿದ್ದ ಮುಂದಿನ ಆಟವನ್ನು. ಮುಂದಿರುವವನು ಅದನ್ನು ಗೆದ್ದರೆ 64 ಸಿಗುತ್ತಿತ್ತು. ಸೋತಿದ್ದರೂ ಇಬ್ಬರೂ ಸಮ, ಅಂದರೆ 32. ಹಾಗಾಗಿ 32 ಹೇಗಿದ್ದರೂ ಅವನದೇ. ಉಳಿದ 32ಕ್ಕೆ ಇಬ್ಬರಿಗೂ ಸಮಾನ ಅವಕಾಶ, ಆದ್ದರಿಂದ ಅದರಲ್ಲಿ ಅರ್ಧ. ಒಟ್ಟು ಅವನಿಗೆ 48, ಎದುರಾಳಿಗೆ 16. ಇನ್ನೂ ನಡೆಯದ ಆಟಕ್ಕೆ ಹೀಗೆ ಬೆಲೆ ಕಟ್ಟಬಹುದು ಅಂತ ತೋರಿಸಿದ್ದು ದೊಡ್ಡ ಹೆಜ್ಜೆ. ದೇವರ ಮೇಲಿನ ಪಣದಲ್ಲೂ ಇದೇ ಗಣಿತವಿದೆ.

ಈ ಪಣದ ಬಗ್ಗೆ ಪಾಸ್ಕಲ್ ಬರೆದಿಟ್ಟ ಟಿಪ್ಪಣಿ ಅಚ್ಚಾಗಿದ್ದು ಅವನು ತೀರಿಕೊಂಡ 8 ವರ್ಷದ ಮೇಲೆ, ಅವನ ಬಿಡಿ ಟಿಪ್ಪಣಿಗಳ ಸಂಗ್ರಹವಾದ 1670ರ 'ಪಾಂಸೆ'ಯ ಮೂಲಕ. ದೇವರಿದ್ದಾನೋ ಇಲ್ಲವೋ ಅನ್ನೋದನ್ನು ಬುದ್ಧಿ ತೀರ್ಮಾನಿಸಲಾರದು, ಆದರೂ ಪಣ ಕಟ್ಟದೆ ವಿಧಿಯಿಲ್ಲ ಎಂದು ಅವನು ಶುರುಮಾಡುತ್ತಾನೆ. "ಗೆದ್ದರೆ ಎಲ್ಲವೂ ನಿನ್ನದು, ಸೋತರೆ ಏನೂ ಹೋಗುವುದಿಲ್ಲ" ಅನ್ನೋದು ಮೊದಲ ಮೆಟ್ಟಿಲು ಮಾತ್ರ. ಅಲ್ಲೇ ಅವನು ಕಲ್ಪಿಸಿಕೊಂಡ ಎದುರಾಳಿ ತಡೆಯುತ್ತಾನೆ: ನಾನು ಒಡ್ಡುತ್ತಿರುವುದೇ ಜಾಸ್ತಿಯಾಗಿರಬಹುದಲ್ಲ? ಹೌದು, ಒಂದಿಡೀ ಬದುಕನ್ನೇ ಒಡ್ಡಬೇಕು. ಆಗ ಪಾಸ್ಕಲ್ ಜೂಜಿನ ಲೆಕ್ಕಕ್ಕೆ ಇಳಿಯುತ್ತಾನೆ. ಗೆಲುವು ಸೋಲಿಗೆ ಸಮಾನ ಅವಕಾಶವಿದ್ದು, 1 ಬದುಕು ಒಡ್ಡಿದರೆ 2 ಸಿಗುವಂತಿದ್ದರೂ ಆಡಬಹುದು. 3 ಸಿಗುವಂತಿದ್ದರೆ ಆಡಲೇಬೇಕು. ಇಲ್ಲಿ ಸಿಗುವುದು ಅನಂತ ಸುಖದ ಅನಂತ ಬದುಕು. ಹಾಗಿದ್ದಾಗ ಗೆಲ್ಲುವ ಅವಕಾಶ ಸಾವಿರದಲ್ಲಿ ಒಂದಾದರೂ, ಕೋಟಿಯಲ್ಲಿ ಒಂದಾದರೂ ವ್ಯತ್ಯಾಸವಿಲ್ಲ. ಅನಂತವನ್ನು ಕೋಟಿಯಿಂದ ಭಾಗಿಸಿದರೂ ಉಳಿಯುವುದು ಅನಂತವೇ.

ವಾದಕ್ಕೆ ಬಲ ಬಂದದ್ದು ಇಲ್ಲಿ, ಅದು ಕುಸಿಯುವುದೂ ಇಲ್ಲೇ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ನಂಬುತ್ತೇನೆ, ಇಲ್ಲದಿದ್ದರೆ ಇಲ್ಲ ಅಂತ ಒಬ್ಬ ನಿರ್ಧರಿಸಿದ ಅಂತಿಟ್ಟುಕೊಳ್ಳಿ. ಆ ನಿರ್ಧಾರದ ಬೆಲೆ ಎಷ್ಟು? ಅನಂತದ ಅರ್ಧ, ಅಂದರೆ ಅನಂತ. ಎರಡು ದಾಳ ಉರುಳಿಸಿ, ಎರಡರಲ್ಲೂ 6 ಬಿದ್ದರೆ ಮಾತ್ರ ನಂಬುತ್ತೇನೆ ಅಂದರೆ ಅನಂತದ 36ನೇ ಒಂದು ಭಾಗ. ಅದೂ ಅನಂತ. ಏನನ್ನೂ ನಿರ್ಧರಿಸದೆ ಸುಮ್ಮನೆ ಕೂತವನಿಗೂ ಮುಂದೊಂದು ದಿನ ನಂಬಿಕೆ ಹುಟ್ಟುವ ಚೂರು ಸಾಧ್ಯತೆ ಇದ್ದೇ ಇರುತ್ತದೆ. ಅವನ ಪಾಲಿಗೂ ಅನಂತವೇ. ನಂಬುವುದು, ನಂಬದಿರುವುದು, ಮುಂದೂಡುವುದು ಎಲ್ಲಕ್ಕೂ ಒಂದೇ ಬೆಲೆ ಬಂದಮೇಲೆ "ನಂಬು" ಅಂತ ಹೇಳಲು ಲೆಕ್ಕದಲ್ಲಿ ಕಾರಣವೇ ಉಳಿಯುವುದಿಲ್ಲ. 2003ರಲ್ಲಿ ತತ್ವಶಾಸ್ತ್ರಜ್ಞ ಅಲನ್ ಹಾಯೆಕ್ ಇದನ್ನು ಬಿಡಿಸಿ ಬರೆದರು. ನನ್ನ ಮಟ್ಟಿಗೆ ಪಣದ ವಿರುದ್ಧ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿಲ್ಲ.

ಬಹುಮಾನವನ್ನು ಅನಂತದಿಂದ ಒಂದು ದೊಡ್ಡ ಸಂಖ್ಯೆಗೆ ಇಳಿಸಿದರೆ ಈ ತೊಂದರೆ ಹೋಗುತ್ತದೆ. ಆದರೆ ಆಗ ದೇವರಿರುವ ಸಾಧ್ಯತೆ ಎಷ್ಟು ಅಂತ ಹೇಳಲೇಬೇಕಾಗುತ್ತದೆ. ಬಹುಮಾನ 10 ಲಕ್ಷ ಬದುಕುಗಳಷ್ಟಿದ್ದು, ಸಾಧ್ಯತೆ ಕೋಟಿಯಲ್ಲಿ ಒಂದಾದರೆ ಪಣದ ಬೆಲೆ ಒಂದು ಬದುಕಿನ ಹತ್ತನೇ ಒಂದು ಭಾಗ, ಅಂದರೆ ನಷ್ಟದ ವ್ಯಾಪಾರ. ಸಾಧ್ಯತೆ ಎಷ್ಟು ಅನ್ನೋ ಪ್ರಶ್ನೆಯನ್ನು ಬದಿಗಿಡಲೆಂದೇ ಪಾಸ್ಕಲ್ ಅನಂತವನ್ನು ತಂದಿದ್ದ. ಅದೇ ಪ್ರಶ್ನೆ ಹಿಂದಿನ ಬಾಗಿಲಿಂದ ಮತ್ತೆ ಒಳಗೆ ಬಂತು.

"ಯಾವ ದೇವರು" ಅನ್ನೋ ಆಕ್ಷೇಪವೂ ಹಳೆಯದೇ. ಇದೇ ಮಾತನ್ನು ಒಬ್ಬ ಇಮಾಮನೂ ಹೇಳಬಹುದಲ್ಲ ಅಂತ 18ನೇ ಶತಮಾನದಲ್ಲೇ ಫ್ರೆಂಚ್ ಚಿಂತಕ ದಿದರೋ ಕೇಳಿದ್ದ. ಅದರಲ್ಲಿ ಹುರುಳಿದೆ. ಅದೇ ಕಾಲದ ಫ್ರೆಂಚ್ ಲೇಖಕ ವಾಲ್ಟೇರ್‌ನ ಆಕ್ಷೇಪ ಮಾತ್ರ ಗುರಿ ತಪ್ಪಿದೆ ಅನ್ನಿಸುತ್ತದೆ. ಒಂದು ವಸ್ತು ಇದೆ ಅಂತ ನಂಬುವುದರಿಂದ ನನಗೆ ಲಾಭವಿದ್ದರೆ ಅದು ಆ ವಸ್ತುವಿನ ಇರವಿಗೆ ಪುರಾವೆಯಲ್ಲ ಅಂದ ಅವನು. ಸರಿಯಾದ ಮಾತೇ. ಆದರೆ ಇರವನ್ನು ಸಾಬೀತು ಮಾಡುತ್ತೇನೆ ಅಂತ ಪಾಸ್ಕಲ್ ಈ ಪಣದಲ್ಲಿ ಹೇಳಿಯೇ ಇಲ್ಲ.

ಟಿಪ್ಪಣಿಯ ಕೊನೆಯ ಭಾಗವನ್ನು ಯಾರೂ ಉದ್ಧರಿಸುವುದಿಲ್ಲ, ಅದೇ ನನಗೆ ಬೇಸರ. ಲೆಕ್ಕ ಒಪ್ಪಿದ ಎದುರಾಳಿ, ನಾನು ನಂಬಲಾರದಂತೆಯೇ ಹುಟ್ಟಿದ್ದೇನೆ, ಏನು ಮಾಡಲಿ ಅಂತ ಕೇಳುತ್ತಾನೆ. ಇನ್ನಷ್ಟು ಪುರಾವೆ ಹುಡುಕುವುದು ಬಿಟ್ಟು ನಿನ್ನ ಆಸೆಗಳನ್ನು ಕಡಿಮೆ ಮಾಡಿಕೋ ಅನ್ನುತ್ತಾನೆ ಪಾಸ್ಕಲ್. ನಿನ್ನಂತೆಯೇ ಕಟ್ಟಿಬಿದ್ದಿದ್ದವರು ಹೇಗೆ ಶುರುಮಾಡಿದರೋ ಹಾಗೆ ಮಾಡು: ಚರ್ಚಿನಲ್ಲಿ ಪವಿತ್ರ ಜಲ ಮುಟ್ಟು, ಪೂಜೆ ಹೇಳಿಸು. ಇದು ಬರೀ ನಾಟಕ ಅಂತ ತಳ್ಳಿಹಾಕುವವರಿದ್ದಾರೆ. ಹೀಗೆ ಲೆಕ್ಕ ಹಾಕಿ ಬಂದ ಭಕ್ತರನ್ನು, ನಾವೇ ದೇವರ ಜಾಗದಲ್ಲಿದ್ದರೆ, ಖುಷಿಯಿಂದಲೇ ಹೊರಗಿಡುತ್ತಿದ್ದೆವು ಅಂತ 1896ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಬರೆದರು. ನಾನು ಒಪ್ಪುವುದಿಲ್ಲ. ಮನುಷ್ಯರ ಬಹುಪಾಲು ನಂಬಿಕೆಗಳು ರೂಢಿಯಿಂದಲೇ ಬೇರು ಬಿಡುತ್ತವೆ, ಪಾಸ್ಕಲ್ ಅದನ್ನು ಮುಚ್ಚಿಡದೆ ಹೇಳಿದ.

ಅವನ ಸ್ವಂತ ನಂಬಿಕೆಯಂತೂ ಲೆಕ್ಕದಿಂದ ಬಂದದ್ದಲ್ಲ. ಫರ್ಮಾಗೆ ಪತ್ರ ಬರೆದ ಅದೇ 1654ರ ನವೆಂಬರ್ 23ರ ರಾತ್ರಿ ಅವನಿಗೊಂದು ಅನುಭವವಾಯಿತು. ಅದನ್ನು ಬರೆದಿಟ್ಟು, ಕೋಟಿನ ಒಳಗೆ ಹೊಲಿಸಿಕೊಂಡು, ಸಾಯುವವರೆಗೂ ಜೊತೆಗಿಟ್ಟುಕೊಂಡಿದ್ದ. ಅದರಲ್ಲಿರುವುದು ಅಬ್ರಹಾಮನ, ಇಸಾಕನ, ಯಾಕೋಬನ ದೇವರು. ತತ್ವಜ್ಞಾನಿಗಳ ದೇವರಲ್ಲ ಅಂತ ಅವನೇ ಬರೆದಿದ್ದಾನೆ. ಪಣದ ಮಾತು ಅವನು ಆಡಿದ್ದು ಪ್ಯಾರಿಸ್ಸಿನ ಜೂಜುಕಟ್ಟೆಗಳಲ್ಲಿ ಕೂರುತ್ತಿದ್ದ ನಿರ್ಲಿಪ್ತ ಸಿರಿವಂತರಿಗಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ.