ಆರಕ್ಕೇರದ ಸಿಂತಸೈಜರ್

20 ಕೆಜಿಯ ಹಳೆಯ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಹೆಂಡತಿ ಕೇಳಿದಳು, "ರೀ, ಏನದು?"

"ಸಿಂತಸೈಜರ್."

"ಮನೇಲಿ ಕೀಬೋರ್ಡ್ ಇದೆಯಲ್ಲ? ಅದು ಕಂಕುಳಲ್ಲೇ ಹಿಡಿಯುತ್ತೆ."

ಅರ್ಧ ಮೆಟ್ಟಿಲಲ್ಲಿ ನಿಂತು ಅನಲಾಗ್‌ಗೂ ಡಿಜಿಟಲ್‌ಗೂ ಇರುವ ವ್ಯತ್ಯಾಸ ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಈಗ ಉಸಿರಿದೆ, ಹೇಳುತ್ತೇನೆ. ಡಿಜಿಟಲ್ ಕೀಬೋರ್ಡ್ ನಾದವನ್ನು ಅಂಕಿಗಳಲ್ಲಿ ಲೆಕ್ಕ ಹಾಕಿ ಕೊಡುತ್ತದೆ. ಅನಲಾಗ್ ಸಿಂತಸೈಜರ್ ವಿದ್ಯುತ್ ಸರ್ಕ್ಯೂಟಿನಲ್ಲೇ ನಾದ ಹುಟ್ಟಿಸುತ್ತದೆ. 1970ರಲ್ಲಿ ಬಂದ ಮಿನಿಮೂಗ್ ಎಂಬ ಅನಲಾಗ್ ಸಿಂತಸೈಜರ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. ಹತ್ತು ಬೆರಳು ಒತ್ತಿದರೂ ಒಂದೇ. ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ನುಡಿಸಬೇಕೆಂದರೆ ಪ್ರತಿ ಸ್ವರಕ್ಕೂ ನಾದ ಹುಟ್ಟಿಸುವ ಬೇರೆ ಆಸಿಲೇಟರ್, ಅದನ್ನು ಸೋಸುವ ಬೇರೆ ಫಿಲ್ಟರ್ ಬೇಕು. ಆರು ಸ್ವರದ ಪೆಟ್ಟಿಗೆ ಅಂದರೆ ಒಂದೇ ಸೂರಿನಡಿ ಆರು ಸಂಸಾರ. ಅದಕ್ಕೇ ಇಷ್ಟು ಭಾರ. ನನ್ನದು ವಾಸಿ. ಯಮಹಾದ ಸಿಎಸ್-80 ಸುಮಾರು 100 ಕೆಜಿ ತೂಗುತ್ತಿತ್ತು! ನಿಮಗೆ ಇಷ್ಟವಾದ ನಾದವನ್ನು ಉಳಿಸಿಕೊಳ್ಳಲು ಅದರಲ್ಲೊಂದು ಮುಚ್ಚಳ. ತೆಗೆದರೆ ಒಳಗೆ, ನಾದ ತಿದ್ದಲು ಮೇಲಿರುವ ಸರಿಸುವ ಗುಂಡಿಗಳ (ಸ್ಲೈಡರ್‌ಗಳ) ಪುಟ್ಟ ಮರಿಗಳು, ಸಾಲಾಗಿ. ಉಗುರಿನಲ್ಲಿ ಒಂದೊಂದನ್ನೂ ಸರಿಸಿ ಇಡಬೇಕು. ಅದೇ ಮೆಮೊರಿ. 1978ರಲ್ಲಿ ಪ್ರಾಫೆಟ್-5 ಬಂದು, ಈ ನೆನಪಿನ ಕೆಲಸವನ್ನು ಮೈಕ್ರೊಪ್ರೊಸೆಸರ್‌ಗೆ ಒಪ್ಪಿಸಿತು. ಗುಂಡಿ ಒತ್ತಿದರೆ ನಾದ ವಾಪಸ್. ಜನ ಬೆರಗಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಪೆಟ್ಟಿಗೆ ಯಾವ ಕಂಪನಿಯದು ಎಂದು ಹೇಳುವುದಿಲ್ಲ. ನಲವತ್ತು ವರ್ಷ ದುಡಿದ ಮುದುಕನ ಮೇಲೆ ದೂರು ಹೇಳುವಾಗ ಮನೆತನದ ಹೆಸರು ಎಳೆಯಬಾರದು.

ನಾದದ ಬಗ್ಗೆ ಮಾತ್ರ ದೂರಿಲ್ಲ. ಪ್ರತಿ ಸ್ವರಕ್ಕೆ ಎರಡು ಆಸಿಲೇಟರ್. ಎರಡೂ ಒಂದೇ ಶ್ರುತಿಯಲ್ಲಿರಬೇಕು, ಆದರೆ ಕೂದಲೆಳೆಯಷ್ಟು ಆಚೀಚೆ ಇದ್ದೇ ಇರುತ್ತವೆ. ಆ ಕೂದಲೆಳೆಯ ಜಗಳದಿಂದಲೇ ನಾದ ತೆಳ್ಳಗೆ ಅಲೆಯಾಡುತ್ತದೆ, ಉಸಿರಾಡಿದ ಹಾಗೆ. 'ಯೂನಿಸನ್' ಒತ್ತಿದರೆ ಹನ್ನೆರಡೂ ಆಸಿಲೇಟರ್ ಒಂದೇ ಸ್ವರದ ಮೇಲೆ ಮುಗಿಬೀಳುತ್ತವೆ. ಕಿಟಕಿ ಗಾಜು ಗುರ್ ಎನ್ನುತ್ತದೆ. ಮೇಲಿನ ಮನೆಯವರೂ ಏನೋ ಅನ್ನುತ್ತಾರೆ.

ತೊಂದರೆ ಏನೆಂದರೆ, ಆ ಕೂದಲೆಳೆ ಹಗ್ಗವಾಗಲು ಜಾಸ್ತಿ ಹೊತ್ತು ಬೇಡ. ಈ ಆಸಿಲೇಟರ್‌ಗಳಿಗೆ ಸೆಕೆಯಾದರೂ ಕಷ್ಟ, ಚಳಿಯಾದರೂ ಕಷ್ಟ. ಸ್ವಿಚ್ ಹಾಕಿ ಅರ್ಧ ಗಂಟೆ ಸುಮ್ನೆ ಕಾಯಬೇಕು. ಆಮೇಲೆ 'ಟ್ಯೂನ್' ಗುಂಡಿ. ಪೆಟ್ಟಿಗೆ ಕೆಲವು ಸೆಕೆಂಡು ಮೌನವಾಗಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಅಷ್ಟರಲ್ಲಿ ಯಾರಾದರೂ ಫ್ಯಾನ್ ಹಾಕಿದರೋ, ಮತ್ತೆ ಮೊದಲಿಂದ. ನಾನು ಬೆವರು ಸುರಿಸುತ್ತಾ ನುಡಿಸುವುದನ್ನು ನೋಡಿ ನೆಂಟರೊಬ್ಬರು ಎಂಥಾ ತನ್ಮಯತೆ ಎಂದುಕೊಂಡರು.

ಮೊದಲ ವಾರದ ಉತ್ಸಾಹದಲ್ಲಿ ಒಂದು ಪುಟ್ಟ ರಾಗ ಕಟ್ಟಿ ರೆಕಾರ್ಡ್ ಮಾಡಿದೆ. ಕೇಳಿದರೆ ಅಲ್ಲಲ್ಲಿ ಸ್ವರವೇ ಇಲ್ಲ. ಬೆರಳು ಸರಿಯಾಗಿ ಬಿದ್ದಿಲ್ಲ ಎಂದುಕೊಂಡು ಇನ್ನೂ ಗಟ್ಟಿಯಾಗಿ ಒತ್ತಿದೆ. ನನ್ನ ಪೆಟ್ಟಿಗೆಗೆ ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಎಂಬುದು ಆಗ ನೆನಪಿಗೆ ಬರಲಿಲ್ಲ. ಕಾರ್ಡ್ ನುಡಿಸಿದರೆ ಇನ್ನೂ ವಿಚಿತ್ರ. ಒಂದು ಕಾರ್ಡ್ ಮೈತುಂಬಿಕೊಂಡು ಬರುತ್ತದೆ, ಮುಂದಿನದಕ್ಕೆ ಹಲ್ಲು ಬಿದ್ದಿರುತ್ತದೆ. ಅದೇ ಕಾರ್ಡ್ ಮತ್ತೆ ನುಡಿಸಿದರೆ ಹಲ್ಲು ವಾಪಸ್! ಕೀ ಕೆಟ್ಟಿದೆ ಅನ್ನೋಣವೆಂದರೆ, ಈಗ ಮೂಕವಾಗಿದ್ದ ಕೀ ಮರುಕ್ಷಣ ಚೆನ್ನಾಗಿ ಹಾಡುತ್ತದೆ.

"ಇದರಲ್ಲೇ ಏನೋ ದೋಷ ಇದೆ ಕಣೇ," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವಳು ಒಳಗೆ ಹೋದಳು.

ನನ್ನ ಮಾನ ಉಳಿಸಿದ್ದು ಮಗಳು. ಆಗಷ್ಟೇ ಎಣಿಸಲು ಕಲಿತಿದ್ದಳು. ಕಂಡದ್ದನ್ನೆಲ್ಲ ಎಣಿಸುವ ವಯಸ್ಸು. ಪೆಟ್ಟಿಗೆಯ ಮುಂದೆ ಕೂತು ಒಂದೇ ಬೆರಳಿನಲ್ಲಿ ಒಂದು, ಎರಡು, ಮೂರು ಎಂದು ಒತ್ತುತ್ತಾ ಹೋದಳು. "ಅಪ್ಪಾ, ಆರು ಬರಲ್ಲ." ಮತ್ತೆ ಒತ್ತಿದಳು. ಐದು ಸಲ ನಾದ, ಆರನೆಯದಕ್ಕೆ ಮೌನ. ಆಗ ಹೊಳೆಯಿತು. ಈ ಪೆಟ್ಟಿಗೆ ಒತ್ತಿದ ಕೀಗಳನ್ನು ತನ್ನ ಆರು ಸಂಸಾರಗಳಿಗೆ ಸರದಿಯಂತೆ ಹಂಚುತ್ತದೆ. ಆರನೇ ಮನೆಯಲ್ಲಿ ದೀಪ ಆರಿತ್ತು. ಯಾವ ಕೀಗೆ ಆ ಸರದಿ ಬರುತ್ತದೋ ಅದು ಮೂಕ. ಮೂರು ಸ್ವರದ ಕಾರ್ಡಾದರೆ ಮೊದಲನೆಯದು ಪಾರು, ಎರಡನೆಯದು ಊನ.

ನೆಲ ನಿಜವಾಗಿಯೂ ಡೊಂಕಾಗಿತ್ತು! ಹೆಂಡತಿಯನ್ನು ಕರೆದು ಮೂರು ಸಲ ತೋರಿಸಿದೆ. ಇಷ್ಟು ಖುಷಿಯಿಂದ ಯಾರೂ ತಮ್ಮ ವಸ್ತು ಕೆಟ್ಟಿದ್ದನ್ನು ತೋರಿಸಿರಲಾರರು. ಆಮೇಲಿನ ಕೆಲವು ತಿಂಗಳು ನನ್ನ ವಾದನ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಐದರಲ್ಲೇ ಕಾಲ ಹಾಕಿತು.

ಕೊನೆಗೆ ರಿಪೇರಿಗೆ ಕೊಟ್ಟೆ. (ಮತ್ತೆ ಅದೇ ಮೆಟ್ಟಿಲು, ಅದೇ ಎದೆ.) ಸತ್ತ ಐಸಿ ಚಿಪ್ ಒಂದನ್ನು ಬದಲಾಯಿಸಿದರು, ಒಣಗಿದ ಕೆಪಾಸಿಟರ್‌ಗಳನ್ನು ಕಿತ್ತು ಹೊಸದು ಹಾಕಿದರು. ಕರಕರ ಎನ್ನುತ್ತಿದ್ದ ಸ್ಲೈಡರ್‌ಗಳ ಧೂಳು ತೆಗೆದರು. "ಬ್ಯಾಟರಿ ಹಳೇದಾಗಿತ್ತು ಸಾರ್, ಅದನ್ನೂ ಬದಲಾಯಿಸಿದೆ," ಎಂದು ಮೇಲೊಂದು ಉಪಕಾರ. ಪೆಟ್ಟಿಗೆಯ ನೆನಪೆಲ್ಲ ನಿಂತಿದ್ದು ಆ ಪುಟ್ಟ ಬ್ಯಾಟರಿಯ ಮೇಲೆ. ಮನೆಗೆ ತಂದು ಸ್ವಿಚ್ ಹಾಕಿದೆ. 64 ನಾದಗಳಲ್ಲಿ ಒಂದೂ ಇಲ್ಲ. ಒಂದನೇ ಗುಂಡಿ ಒತ್ತಿದರೆ ಗೊರಕೆ, ಎರಡನೆಯದಕ್ಕೆ ಸೀಟಿ.

ಉಳಿದದ್ದು ಹಿಂದಿನ ಮಾಲೀಕರು ಕೊಟ್ಟಿದ್ದ ಕ್ಯಾಸೆಟ್. ಆ ಕಾಲದಲ್ಲಿ ಬ್ಯಾಕಪ್ ಅಂದರೆ ಅದೇ. ಪೆಟ್ಟಿಗೆಯ ಮೆಮೊರಿಯನ್ನೆಲ್ಲ ಕೀರಲು ಸದ್ದಾಗಿ ಟೇಪಿನಲ್ಲಿ ತುಂಬಿಸಿ, ಬೇಕಾದಾಗ ವಾಪಸ್ ಕುಡಿಸುವುದು. ನಾಲ್ಕು ಸಲ ಕುಡಿಸಿದೆ. ನಾಲ್ಕು ಸಲವೂ ಎರರ್ ಎಂದು ಉಗುಳಿತು. ಪಕ್ಕದ ಕೋಣೆಯಲ್ಲಿ ಹೆಂಡತಿ ಬಾಗಿಲು ಹಾಕಿಕೊಂಡಳು.

ಹೀಗಾಗಿ ಆ ಹಳೆಯ ನಾದ ಈಗ ಉಳಿದಿರುವುದು ಮೊದಲ ವಾರದ ಆ ರೆಕಾರ್ಡಿಂಗ್‌ನಲ್ಲಿ ಮಾತ್ರ. ಮಗಳಿಗೆ ಅದೆಂದರೆ ಪ್ರಾಣ. ಆಡುತ್ತಾ ಅದನ್ನೇ ಗುನುಗುತ್ತಿರುತ್ತಾಳೆ. ಐದು ಸ್ವರ ಹಾಡಿ, ಆರನೆಯದಕ್ಕೆ ಬಾಯಿ ಮುಚ್ಚಿ, ತಲೆ ಮಾತ್ರ ಆಡಿಸಿ ಮುಂದಕ್ಕೆ ಹೋಗುತ್ತಾಳೆ.

ಮೊನ್ನೆ ಅದೇ ರಾಗವನ್ನು ರಿಪೇರಿಯಾದ ಪೆಟ್ಟಿಗೆಯಲ್ಲಿ, ಒಂದು ಸ್ವರವನ್ನೂ ಬಿಡದೆ, ನುಡಿಸಿ ತೋರಿಸಿದೆ. ಕೊನೆಯವರೆಗೆ ತಾಳ್ಮೆಯಿಂದ ಕೇಳಿದಳು.

"ತಪ್ಪು ನುಡಿಸ್ತಿದ್ದೀಯ ಅಪ್ಪಾ," ಎಂದಳು.