ಹಳ್ಳದ ಬದಿ ಕೂರುವವರು ಬೇಕು

ಬಯೋಟೆಕ್ನಾಲಜಿ ಓದುತ್ತಿರುವ ಅಕ್ಕನ ಮಗ ಮೊನ್ನೆ ಕೇಳಿದ. "ಮಾವ, ಒಂದು ಚೂರು ಚರ್ಮ ಸಿಕ್ಕರೆ ಯಾವ ಕಪ್ಪೆ ಅಂತ ಲ್ಯಾಬಲ್ಲೇ ಹೇಳಬಹುದು. ನೀವೆಲ್ಲ ಯಾಕೆ ಮಳೇಲಿ ಉಂಬಳ ಕಚ್ಚಿಸಿಕೊಂಡು ಹಳ್ಳ ಕಾಯ್ತೀರಿ?" ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅವನು ಹೇಳಿದ್ದು ಡಿಎನ್‌ಎ ಬಾರ್‌ಕೋಡಿಂಗ್. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಜೊತೆಗಾರರು 2003ರಲ್ಲಿ ಮುಂದಿಟ್ಟ ದಾರಿ. ಪ್ರಾಣಿಗಳ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿರುವ ಸಿಒಐ ಅನ್ನುವ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದುತ್ತಾರೆ. ಮೊದಲೇ ಗುರುತು ಹಿಡಿದಿಟ್ಟ ಪ್ರಾಣಿಗಳ ಅಕ್ಷರದ ಜೊತೆ ಹೋಲಿಸುತ್ತಾರೆ. ಕಪ್ಪೆಗಳಲ್ಲಿ ಈ ಜೀನ್ ಸ್ವಲ್ಪ ಸತಾಯಿಸುತ್ತದೆ, ಅದಕ್ಕೆ 16ಎಸ್ ಅನ್ನುವ ಇನ್ನೊಂದನ್ನು ಜಾಸ್ತಿ ಬಳಸುತ್ತಾರೆ.

ಇದರ ಉಪಕಾರ ಸಣ್ಣದಲ್ಲ. ಗೊದಮೊಟ್ಟೆಯನ್ನು ಬೊಗಸೆಯಲ್ಲಿ ಹಿಡಿದು ನೋಡಿದ್ದೀರಾ? ಒಂದು ಗುಂಡು ಮೈ, ಒಂದು ಬಾಲ, ಅಷ್ಟೇ. ಅದು ಯಾವ ಕಪ್ಪೆಯ ಮರಿ ಅಂತ ಕಣ್ಣಳತೆಯಲ್ಲಿ ಹೇಳುವುದು ಬಹಳ ಕಷ್ಟ. ಬಾಲದ ತುದಿಯ ಚೂರು ಇದ್ದರೆ ಹೇಳಬಹುದು.

ಆದರೆ "ಮೊದಲೇ ಗುರುತು ಹಿಡಿದಿಟ್ಟ" ಅಂದೆನಲ್ಲ, ಆ ಗುರುತು ಹಿಡಿದವರು ಯಾರು?

ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಬನ್ನಿ. ರಾಂಪತ್ರೆ ಜಡ್ಡಿ, ಅಂದರೆ ರಾಂಪತ್ರೆ ಜಾತಿಯ ಮರಗಳ ಜೌಗು ಕಾಡು. ಕೆಸರಿನಿಂದ ಮಂಡಿ ಮಡಚಿದ ಹಾಗೆ ಬೇರುಗಳು ಎದ್ದಿರುತ್ತವೆ. ಈ ಕಾಡಿನ ಹಳ್ಳದ ಕಪ್ಪೆಯೊಂದನ್ನು ಕಪ್ಪೆ ತಜ್ಞ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದ ಅಂತ ವಿವರಿಸಿದರು. ಇದರ ಗಂಡು ರಾತ್ರಿ ಹೊತ್ತು ಹಳ್ಳದ ತಳದಿಂದ ಕೈಯಲ್ಲಿ ಮಣ್ಣು ಬಾಚುತ್ತದೆ. ಹಿಂಗಾಲಲ್ಲಿ ಎದ್ದು ನಿಂತು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೇ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಅವರು ಡಿಎನ್‌ಎ ನೋಡಿದರು, ಜೊತೆಗೆ ಮೈಕಟ್ಟು, ಕೂಗು, ಮೊಟ್ಟೆ ನೋಡಿಕೊಳ್ಳುವ ರೀತಿಯನ್ನೂ ನೋಡಿದರು. ಬಾರ್‌ಕೋಡಿನ ಅಕ್ಷರಗಳಲ್ಲಿ ಮಣ್ಣು ಮೆತ್ತುವ ಆ ಕೈ ಕಾಣುವುದಿಲ್ಲ.

ಕೋಸ್ಟರಿಕಾದ ಚಿಟ್ಟೆಯದೂ ಇದೇ ಕತೆ. ಒಂದೇ ಅಂದುಕೊಂಡಿದ್ದ ಆಸ್ಟ್ರಾಪ್ಟಿಸ್ ಫುಲ್ಗರೇಟರ್‌ನಲ್ಲಿ 10 ಪ್ರಭೇದಗಳಿವೆ ಎಂದು ಹೆಬರ್ಟ್ ತಂಡ 2004ರಲ್ಲಿ ಹೇಳಿತು. ಬಾರ್‌ಕೋಡಿಗೆ ದೊಡ್ಡ ಹೆಸರು ಬಂತು. ಆದರೆ ಅದಕ್ಕೂ ಮೊದಲು ಪರಿಸರ ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್, ವಿನಿ ಹಾಲ್ವಾಕ್ಸ್ ಮತ್ತು ಅಲ್ಲಿಯ ಊರಿನವರು 20 ವರ್ಷಕ್ಕೂ ಜಾಸ್ತಿ ಕಾಲ ಕಂಬಳಿಹುಳು ಸಾಕಿದ್ದರು. ಯಾವ ಹುಳು ಯಾವ ಗಿಡ ತಿನ್ನುತ್ತದೆ, ಬಣ್ಣ ಹೇಗಿದೆ, ಎಲ್ಲ ಬರೆದಿಟ್ಟಿದ್ದರು. ಚಿಟ್ಟೆಗಳು ಒಂದೇ ಥರ ಕಂಡರೂ ಹುಳುಗಳು ಬೇರೆ ಬೇರೆ! 2006ರಲ್ಲಿ ಕೀಟವಿಜ್ಞಾನಿ ಆಂಡ್ರ್ಯೂ ಬ್ರೋವರ್ ಅದೇ ಡಿಎನ್‌ಎ ಮಾಹಿತಿಯನ್ನು ಮತ್ತೆ ನೋಡಿ, 10ಕ್ಕೆ ಆಧಾರ ಸಾಲದು, 3ರಿಂದ 7 ಇರಬಹುದು ಎಂದರು. ಅಕ್ಷರ ಅವೇ, ಲೆಕ್ಕ ಬೇರೆ.

ಇನ್ನೊಂದು ತೊಡಕಿದೆ. ಮೈಟೊಕಾಂಡ್ರಿಯಾ ಸಾಮಾನ್ಯವಾಗಿ ಬರುವುದು ತಾಯಿಯಿಂದ ಮಾತ್ರ. ಎರಡು ಪ್ರಭೇದ ಬೆರೆತು ಹುಟ್ಟಿದ ಮರಿಯ ಬಾರ್‌ಕೋಡ್ ತಾಯಿಯ ಹೆಸರು ಹೇಳಿ ಸುಮ್ಮನಾಗುತ್ತದೆ. ಈಚೆಗಷ್ಟೇ ಕವಲೊಡೆದ ಪ್ರಭೇದಗಳಲ್ಲಿ ಎಷ್ಟೋ ಸಲ ಅಕ್ಷರ ಇನ್ನೂ ಬದಲಾಗಿಯೇ ಇರುವುದಿಲ್ಲ. ಹತ್ತಿರದ ನೆಂಟರನ್ನು ಬೇರೆ ಮಾಡಬೇಕಾದ ಜಾಗದಲ್ಲೇ ಅದು ತಡವರಿಸುತ್ತದೆ.

ನನಗೆ ಲ್ಯಾಬಿನ ಮೇಲೆ ಸಿಟ್ಟಿಲ್ಲ. ಮೆಷಿನ್ ತರಲು ದುಡ್ಡು ಸಿಗುತ್ತದೆ, ನಾಲ್ಕು ಮಳೆಗಾಲ ಒಂದೇ ಹಳ್ಳ ನೋಡುವ ಹುಡುಗಿಗೆ ಬಸ್ ಚಾರ್ಜ್ ಸಿಗುವುದಿಲ್ಲ ಅನ್ನುವುದು ನೋವು. ಅವಳು ಬರೆದಿಡದಿದ್ದರೆ ಮೆಷಿನ್ ಯಾವುದರ ಜೊತೆ ಹೋಲಿಸಬೇಕು?

ಅಕ್ಕನ ಮಗನಿಗೆ ಆಷಾಢದಲ್ಲಿ ಬಾ ಅಂದಿದ್ದೇನೆ. ಟಾರ್ಚು ಅವನದು. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ನಾನೇ ತರುತ್ತೇನೆ.