‘ಅದು ಬರಲ್ಲ ಸಾರ್’ ಅನ್ನೋ ಮುಂಚೆ ಡಿಪೋದಲ್ಲಿ ವಿಚಾರಿಸಿದ್ರಾ?

ಬೆಂಗಳೂರಿನ ಯಾವುದಾದರೂ ವೈನ್ ಸ್ಟೋರಿನಲ್ಲಿ ಆರೆಂಜ್ ಲಿಕರ್, ಅಂದರೆ ಕಿತ್ತಳೆ ಘಮದ ಸಿಹಿ ಮದ್ಯ, ಕೇಳಿ ನೋಡಿ. ತಲೆ ಎತ್ತೋಕ್ಕೂ ಮುಂಚೆ ಉತ್ತರ ಬರುತ್ತೆ: "ಅದು ಬರಲ್ಲ ಸಾರ್." ಬಿಡದೆ ಕೇಳಿದರೆ ಬ್ಲೂ ಕುರಸಾವ್ ಸಿರಪ್ ತಂದು ಮುಂದಿಡ್ತಾರೆ. ಅದರಲ್ಲಿರೋದು ಸಕ್ಕರೆ, ಬಣ್ಣ, ಎಸೆನ್ಸ್. ಮಾರ್ಗರಿಟಾ ಕಾಕ್‌ಟೇಲ್‌ಗೆ ಬೇಕಾದದ್ದು 50 ಮಿಲಿ ಟಕೀಲಾ, 20 ಮಿಲಿ ಕ್ವಾಂಟ್ರೋ ಅನ್ನೋ ಆರೆಂಜ್ ಲಿಕರ್, 15 ಮಿಲಿ ನಿಂಬೆರಸ. ಕ್ವಾಂಟ್ರೋದಲ್ಲಿ 40% ಆಲ್ಕೋಹಾಲ್ ಇದೆ, ಸಿರಪ್‌ನಲ್ಲಿ ಸೊನ್ನೆ. ಎರಡೂ ಒಂದೇ ಅಂತ ಗಿರಾಕಿಗೆ ಹೇಳೋದು ಮೋಸ.

ಈ ‘ಬರಲ್ಲ’ ಅನ್ನೋ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ಕಾರಣ ಇರಬಹುದು. ಕರ್ನಾಟಕದಲ್ಲಿ ಸಗಟು ವ್ಯಾಪಾರ 2003ರಿಂದ ಸರ್ಕಾರದ ಪಾನೀಯ ನಿಗಮ ಕೆಎಸ್‌ಬಿಸಿಎಲ್ ಕೈಯಲ್ಲಿದೆ, ಅಂಗಡಿಯವರು ಅದರ ಡಿಪೋದಿಂದಲೇ ಮಾಲು ಎತ್ತಬೇಕು. ಪ್ರತಿ ಲೇಬಲ್‌ಗೂ (ಮಾರೋ ಒಂದೊಂದು ಬ್ರ್ಯಾಂಡಿಗೂ) ಅಬಕಾರಿ ವರ್ಷಕ್ಕೊಮ್ಮೆ, ಅಂದರೆ ಜುಲೈ 1ರಿಂದ, ಹೊಸದಾಗಿ ಅನುಮತಿ ಬೇಕು. ನಿಧಾನವಾಗಿ ಹೋಗೋ ಲೇಬಲ್ಲನ್ನ ಆಮದುದಾರ ನವೀಕರಿಸದೆ ಬಿಟ್ಟರೆ ಆ ವರ್ಷ ನಿಜಕ್ಕೂ ಬರಲ್ಲ. ಲೇಬಲ್ ಇದ್ದೂ ಡಿಪೋದಲ್ಲಿ ಖಾಲಿ ಆಗಿರಬಹುದು. ಮೂರನೆಯದೇ ಹೆಚ್ಚು: ಮಾಲು ಇದೆ, ಅಂಗಡಿಯವರಿಗೆ ತರಿಸೋ ಮನಸ್ಸಿಲ್ಲ. ಕೇಸ್ ಎತ್ತಿದರೆ ಆರೋ ಹನ್ನೆರಡೋ ಬಾಟಲಿ, ದುಡ್ಡು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತೆ. ಕ್ವಾರ್ಟರ್ರು, ನೈಂಟಿ ಪ್ಯಾಕೆಟ್ಟು ಸಂಜೆಯೊಳಗೆ ಖಾಲಿ. ಅವರ ಕಷ್ಟ ಒಪ್ಪೋಣ, ಆದರೆ ಮೂರರಲ್ಲಿ ಯಾವುದು ಅಂತ ಬಾಯಿಬಿಟ್ಟು ಹೇಳಬಾರದಾ? ಟ್ರಾಫಿಕ್ಕಲ್ಲಿ ಐದು ಅಂಗಡಿ ಸುತ್ತೋದು ತಪ್ಪುತ್ತೆ.

ಇಷ್ಟು ಸುತ್ತಿ ಸಿಕ್ಕಿದ ಬಾಟಲಿಯ ಗತಿ ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತೆ. ವರ್ಮೂತ್ ಅನ್ನೋದು ಗಿಡಮೂಲಿಕೆ ಬೆರೆಸಿದ ವೈನ್, ಆಲ್ಕೋಹಾಲ್ 15ರಿಂದ 18% ಅಷ್ಟೇ. ಅದನ್ನ ಬಿಸಿಲು ಬೀಳೋ ಮೇಲಿನ ಶೆಲ್ಫಲ್ಲಿ ವರ್ಷಗಟ್ಟಲೆ ಒಣಗಿಸ್ತಾರೆ, ಒಳಗಿನ ಘಮ ಸತ್ತಿರುತ್ತೆ. ಮೇಲಾಗಿ ಸ್ವೀಟ್ ಕೇಳಿದರೆ ಡ್ರೈ ಕೊಟ್ಟು "ಎಲ್ಲಾ ಒಂದೇ" ಅಂತಾರೆ. ಒಂದೇ ಅಲ್ಲ! ನೆಗ್ರೋನಿ ಕಾಕ್‌ಟೇಲ್‌ಗೆ ಜಿನ್, ಕಾಂಪಾರಿ ಅನ್ನೋ ಕಹಿ ಲಿಕರ್, ಸ್ವೀಟ್ ವರ್ಮೂತ್ ತಲಾ 30 ಮಿಲಿ. ಡ್ರೈ ಹಾಕಿದರೆ ಕಾಂಪಾರಿಯ ಕಹಿಯನ್ನ ಹಿಡಿಯೋ ಸಿಹಿ ಸಾಲದು, ಗಂಟಲಿಗಿಳಿಯಲ್ಲ. ಬೇಲೀಸ್ ಅನ್ನೋ ಕ್ರೀಮ್ ಲಿಕರ್‌ನಲ್ಲಿ ಹಾಲಿನ ಕೆನೆ ಇದೆ, ತಯಾರಾಗಿ ಎರಡು ವರ್ಷದೊಳಗೆ, 25 ಡಿಗ್ರಿ ದಾಟದ ಕಡೆ ಇಟ್ಟರೆ ಮಾತ್ರ ರುಚಿಗೆ ಭರವಸೆ. ದುಡ್ಡು ಕೊಡೋ ಮುಂಚೆ ತಾರೀಕು ಓದಿ. ವರ್ಮೂತ್ ಬಾಟಲಿ ಓಪನ್ ಮಾಡಿದ ಮೇಲೆ ಫ್ರಿಜ್ಜಲ್ಲಿಡಿ, ಒಂದೆರಡು ತಿಂಗಳಲ್ಲಿ ಮುಗಿಸಿ.

ಕಾಫಿ ಲಿಕರ್‌ಗಾಗಿ ಯಾರ ಮುಂದೆಯೂ ಹಲ್ಲುಗಿಂಜಬೇಡಿ. ಚಿಕೋರಿ ಇಲ್ಲದ ಪುಡಿಯ ಗಟ್ಟಿ ಡಿಕಾಕ್ಷನ್ 200 ಮಿಲಿ, ಬಿಸಿ ಇರುವಾಗಲೇ 200 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ 300 ಮಿಲಿ ಡಾರ್ಕ್ ರಮ್ ಸೇರಿಸಿ. ಬಿಸಿಗೆ ಹಾಕಿದರೆ ಆಲ್ಕೋಹಾಲ್ ಒಂದಿಷ್ಟು ಹಾರಿಹೋಗುತ್ತೆ. ರಮ್ 42.8% ಇದ್ದರೆ ಕೊನೆಗೆ ಸುಮಾರು 20% ಬರುತ್ತೆ.

ಗ್ರೀನ್ ಶಾರ್ತ್ರೂಸ್ ಅನ್ನೋ ಗಿಡಮೂಲಿಕೆ ಲಿಕರ್ ಸಿಗಲಿಲ್ಲ ಅಂತ ಅಂಗಡಿಯವರ ಮೇಲೆ ಕೂಗಾಡಬೇಡಿ. ಅದನ್ನ ಮಾಡೋ ಫ್ರಾನ್ಸಿನ ಸನ್ಯಾಸಿಗಳೇ ಉತ್ಪಾದನೆ ಹೆಚ್ಚಿಸಲ್ಲ ಅಂತ 2019ರಲ್ಲಿ ತೀರ್ಮಾನಿಸಿದ್ದಾರೆ, ಪ್ರಪಂಚದಲ್ಲೆಲ್ಲಾ ಅಭಾವ.

ಆದರೆ ಕಾಂಪಾರಿ, ಕ್ವಾಂಟ್ರೋ ವಿಷಯ ಹಾಗಲ್ಲ. ಬ್ರ್ಯಾಂಡಿನ ಪೂರ್ತಿ ಹೆಸರು, ಬಾಟಲಿ ಸೈಜು ಚೀಟಿಯಲ್ಲಿ ಬರೆದುಕೊಡಿ. ಆರು ಜನ ಸೇರಿ ಒಂದು ಕೇಸಿಗೆ ಮುಂಗಡ ಕೊಡ್ತೀವಿ ಅನ್ನಿ. ಆಗಲೂ ‘ಬರಲ್ಲ’ ಅಂದರೆ, ಲೇಬಲ್ ಇಲ್ವಾ, ಡಿಪೋದಲ್ಲಿ ಖಾಲಿನಾ, ನೀವೇ ತರಿಸಲ್ವಾ ಅಂತ ಕೌಂಟರ್ ಮುಂದೆಯೇ ನಿಂತು ಕೇಳಿ.